ಹೊಸದಾಗಿ ವಾರ್ಡ್ ಇನ್‌ಚಾರ್ಜ್ ಆಗೀರೇನು? ಟೀಮ್ ಹಿಂಗ ಕಟ್ರಿ

ನಮ್ಮ ಬಾಗಲಕೋಟಿ ಕಡೆ ಆಸ್ಪತ್ರಿಗಳೊಳಗ ಚಲೋ ಕೆಲಸ ಮಾಡೋ ಸಿಸ್ಟರ್‌ನ ಒಂದಿನ ಕರದು ನಾಳಿಂದ ನೀವ ಇನ್‌ಚಾರ್ಜ್ ಅಂತ ಹೇಳಿಬಿಡ್ತಾರ, ಆದ್ರ ಮಂದೀನ ಹೆಂಗ ನಡಸ್ಬೇಕು ಅಂತ ಯಾರೂ ಕಲಸಂಗಿಲ್ಲ. ನಾ ನೋಡೋದು ಒಂದ, ರಾತ್ರಿ ಎರಡಕ್ಕ ಡೌಟ್ ಬಂದ್ರ ಫ್ರೆಶರ್ ಹುಡುಗಿ ಕೇಳ್ತಾಳೋ, ಇಲ್ಲಾ ಬೈಸ್ಕೊಳ್ಳೋದ್ಯಾಕ ಅಂತ ತನಗ ತಿಳದಂಗ ಮಾಡ್ತಾಳೋ.

ಮೊದ್ಲು ಓವರ್ ಕೊಡೋದನ್ನ, ಅಂದ್ರ ಡ್ಯೂಟಿ ಬದಲಾಗುವಾಗ ಪೇಷಂಟ್ ವಿಷಯ ಮುಂದಿನವ್ರಿಗೆ ಒಪ್ಪಸೋದನ್ನ, ಟೇಬಲ್ ಬಿಟ್ಟು ಬೆಡ್ ಹತ್ರ ತರ್ರಿ. ಫೈಲ್‌ದಾಗ ಐವಿ ಚಾಲೂ ಅಂತ ಇರ್ತೈತಿ, ಬೆಡ್ ಹತ್ರ ಹೋದ್ರ ಕ್ಯಾನುಲಾ (ಸಲೈನ್ ಹಚ್ಚೋ ಸಣ್ಣ ನಳಿಗಿ) ಹಾಕಿದ ಕೈ ಬಾತಿರ್ತೈತಿ. ಆಮ್ಯಾಲ ಹೊಸಬರನ್ನ ಒಬ್ಬ ಹಳೇ ಸ್ಟಾಫ್ ಜೋಡಿ ಹಾಕ್ರಿ, ದಿನಾ ಬದಲಿ ಮಾಡಬ್ಯಾಡ್ರಿ. ಕೈ ಚಲೋ ಓಡೋರೆಲ್ಲಾ ಚಲೋ ಕಲಸ್ತಾರ ಅಂತೇನಿಲ್ಲ, ಒಂದ ಪ್ರಶ್ನಿ ಮೂರು ಸಲ ಕೇಳಿದ್ರೂ ಸಿಟ್ಟಾಗದವ್ರನ್ನ ಹುಡುಕ್ರಿ.

ಈಗ ಎಮರ್ಜೆನ್ಸಿ. ನಮ್ಮ ಕಡೆ ಬೆಳಿಗೆ ಹೊಡಿಯೋ ಎಣ್ಣಿ ಕುಡದವ್ರು ಬರ್ತಾರಲ್ಲ, ಆ ವಿಷದ ಪರಿಣಾಮ ತಡಿಯೋ ಅಟ್ರೋಪಿನ್ ಇಂಜೆಕ್ಷನ್‌ದ 0.6 ಮಿಲಿಗ್ರಾಂ ಆಂಪುಲ್ (ಸಣ್ಣ ಗಾಜಿನ ಶೀಶೆ) ಒಂದರ ಹಿಂದ ಒಂದು ಒಡಿತಿರಬೇಕು, ಎದಿ ಕ್ಲಿಯರ್ ಆಗಿ ಪಲ್ಸ್ ಬಿಪಿ ಏರೋ ತನಕ ಡಾಕ್ಟರ್ 5 ನಿಮಿಷಕ್ಕೊಮ್ಮೆ ನೋಡಿ ಡೋಸ್ ಡಬಲ್ ಮಾಡ್ಕೋತ ಹೋಗ್ತಾರ, ಇಂಥಾ ಹೊತ್ತಿನ್ಯಾಗ ನಿಮಗ ಸಿರಿಂಜ್ ಕಸ್ಕೋಬೇಕು ಅನಸ್ತೈತಿ. ಕೈ ಸಾಲದಿದ್ರ ಮಾತು ಬ್ಯಾರೆ, ಇಲ್ಲಂದ್ರ ಕಸ್ಕೋಬ್ಯಾಡ್ರಿ. ಒಬ್ಬಾಕಿ ಔಷಧ ಎಳಿಲಿ, ಒಬ್ಬಾಕಿ ಟೈಮು, ಡೋಸು, ಪಲ್ಸು ಬರೀಲಿ, ಖಾಲಿ ಆಂಪುಲ್ ಚೆಲ್ಲದ ಒಂದು ಟ್ರೇದಾಗ ಇಡಸ್ರಿ, ಆಮ್ಯಾಲ ಎಣಿಸಿ ಬರದಿದ್ದಕ್ಕ ತಾಳೆ ಹಾಕಾಕ. ನೀವು ತಲಿ ಕಡೆ ನಿಂತು ಹೆಸರು ಹಿಡದು ಕೆಲಸ ಹಚ್ರಿ. 'ಯಾರರೆ ಸಕ್ಷನ್ ಮಷಿನ್ ತರ್ರಿ' ಅಂದ್ರ ಯಾರೂ ತರಂಗಿಲ್ಲ!

ಕೆಸಿಎಲ್ (ಪೊಟ್ಯಾಸಿಯಂ ಕ್ಲೋರೈಡ್), ಇನ್ಸುಲಿನ್, ಹೆಪಾರಿನ್ (ರಕ್ತ ಹೆಪ್ಪುಗಟ್ಟದಂಗ ಮಾಡೋ ಔಷಧ) ಇಬ್ರು ಚೆಕ್ ಮಾಡೇ ಹಾಕ್ಬೇಕು. ಒಬ್ಬಾಕಿ ಲೆಕ್ಕ ಹೇಳಿ ಇನ್ನೊಬ್ಬಾಕಿ ಹ್ಞೂಂ ಅಂದ್ರ ಅದು ಚೆಕ್ ಅಲ್ಲ, ಇಬ್ರೂ ಬ್ಯಾರೆ ಬ್ಯಾರೆ ಲೆಕ್ಕ ಮಾಡ್ಲಿ. ನೀವು ತಗದ ಡೋಸ್ ಸುದ್ದಾ ಜೂನಿಯರ್ ಕಡಿಂದ ಚೆಕ್ ಮಾಡಸ್ರಿ, ಆಗ ಅವ್ರಿಗೆ ಸೀನಿಯರ್‌ಗೆ 'ಅಕ್ಕಾರ, ಒಂಚೂರು ತಡೀರಿ' ಅನ್ನಾಕ ಧೈರ್ಯ ಬರ್ತೈತಿ.

ತಪ್ಪಾತು ಅಂತ ಒಬ್ಬಾಕಿ ತಾನ ಬಂದು ಹೇಳಿದ್ಲು ಅನ್ರಿ. ಮೊದ್ಲು ಪೇಷಂಟ್ ನೋಡ್ರಿ, ಡಾಕ್ಟರಿಗೆ ಹೇಳ್ರಿ, ಆಮ್ಯಾಲ ಹೆಂಗಾತು ಅಂತ ಕೇಳ್ರಿ. ಒಂದ ನಮೂನಿ ಕಾಣೋ ಆಂಪುಲ್ ಒಂದ ಡಬ್ಬ್ಯಾಗ ಇದ್ವು ಅಂದ್ರ ಡಬ್ಬಿ ಬದಲಿ ಮಾಡ್ರಿ, ಇಲ್ಲಂದ್ರ ನಾಳೆ ಇನ್ನೊಬ್ಬಾಕಿ ಅದನ್ನ ಎತ್ಕೋತಾಳ. ರಿಲೇಟಿವ್ಸ್ ಮುಂದಂತೂ ಬೈಬ್ಯಾಡ್ರಿ, ಆಕಿ ಮುಂದ ಎಂದೂ ಬಾಯಿ ಬಿಡಂಗಿಲ್ಲ.

ಡಾಕ್ಟರಿಗೆ ಫೋನ್ ಮಾಡೋದನ್ನೂ ಕಲಸ್ರಿ: ಈಗ ಏನಾಗೇತಿ, ಮೊದ್ಲು ಏನಿತ್ತು, ನನಗೇನ ಅನಸ್ತೈತಿ, ನೀವೇನ ಮಾಡ್ಬೇಕು. ಎಸ್‌ಬಿಎಆರ್ ಅಂತಾರಲ್ಲ ಅದ. 'ಸರ್, ಪೇಷಂಟ್ ಯಾಕೋ ಸರಿ ಇಲ್ರಿ' ಅಂದ್ರ ಮಲಗಿದ್ದ ಡಾಕ್ಟರ್ ಏಳಂಗಿಲ್ಲ.

ಇನ್ನ ಡ್ಯೂಟಿ ಲಿಸ್ಟ್, ಜಗಳೆಲ್ಲಾ ಇಲ್ಲೇ ಹುಟ್ಟೋದು. ಎಳ್ಳಮವಾಸಿ, ಬನಶಂಕರಿ ಜಾತ್ರಿ, ರಂಜಾನ್, ಕ್ರಿಸ್‌ಮಸ್ ಯಾರಿಗೆ ಯಾವ್ದು ಬೇಕಂತ ಮೊದ್ಲ ಬರ್ಕೊಂಡು ಹೋದ ವರ್ಷ ಯಾರು ದುಡದ್ರು ನೋಡಿ ಹಾಕ್ರಿ, ಹಬ್ಬದ ನೈಟ್ ಒಂದು ನೀವೂ ಮಾಡ್ರಿ. ಡಬಲ್ ಡ್ಯೂಟಿ ಮಾಡಿದವ್ರ ಆಫ್, ಅವ್ರು ಕೇಳೋಕಿನ ಮೊದ್ಲ ಲಿಸ್ಟ್‌ದಾಗ ಬರದಿಡ್ರಿ.