ಮಗ್ಗದ ಸದ್ದು ಮತ್ತು ಮ್ಯಾಥ್ಯೂ ಹರ್ಬರ್ಟ್ ಅವರ ಕರಾರು

ನಾಟಕಗಳಿಗೆ ಧ್ವನಿ ವಿನ್ಯಾಸ ಮಾಡುವುದು ನನ್ನ ಕಸುಬು. ಈ ಕಸುಬಿನಲ್ಲಿ ನಾನು ಗುರುವೆಂದು ಭಾವಿಸುವವರು ಇಂಗ್ಲೆಂಡಿನ ಸಂಗೀತಗಾರ ಮ್ಯಾಥ್ಯೂ ಹರ್ಬರ್ಟ್. 1972ರಲ್ಲಿ ಹುಟ್ಟಿದ ಅವರು ಎಕ್ಸೆಟರ್ ವಿಶ್ವವಿದ್ಯಾಲಯದಲ್ಲಿ ಓದಿದ್ದು ನಾಟಕವನ್ನೇ. ಡಾಕ್ಟರ್ ರಾಕಿಟ್, ವಿಶ್‌ಮೌಂಟನ್, ರೇಡಿಯೊ ಬಾಯ್ ಎಂದು ಹೆಸರು ಬದಲಿಸುತ್ತಾ ಹೌಸ್ ಎಂಬ ನೃತ್ಯ ಸಂಗೀತ, ಜಾಸ್ ನುಡಿಸುವ ದೊಡ್ಡ ವಾದ್ಯತಂಡ, ಸಿನಿಮಾ ಸಂಗೀತ ಎಲ್ಲಕ್ಕೂ ಕೈಹಾಕಿದವರು. ಇಷ್ಟು ಕವಲೊಡೆದರೂ ಅವರ ಕೆಲಸ ಚೆದುರದೆ ಉಳಿದದ್ದು 2000ರಲ್ಲಿ ಅವರು ತಮಗೆ ತಾವೇ ಬರೆದುಕೊಂಡ ಕರಾರಿನಿಂದ ಎಂಬುದು ನನ್ನ ದೃಢ ನಂಬಿಕೆ.

ಆ ಕರಾರಿನ ಪ್ರಕಾರ ಡ್ರಮ್ ಯಂತ್ರ ಬಳಸುವಂತಿಲ್ಲ. ಬೇರೆಯವರ ಸಂಗೀತದ ತುಣುಕು ಎತ್ತುವಂತಿಲ್ಲ. ಕೀಬೋರ್ಡಿನಲ್ಲಿ ಕಂಪನಿ ತುಂಬಿಕೊಟ್ಟ ಸಿದ್ಧ ಸ್ವರಗಳನ್ನು ಹಾಗೆಯೇ ನುಡಿಸುವಂತಿಲ್ಲ. ಆಕಸ್ಮಿಕಗಳಿಗೆ ಮಾತ್ರ ಸದಾ ಸ್ವಾಗತ. 1998ರಲ್ಲೇ ಅವರು ಮನೆಯೊಳಗಿನ ಸದ್ದುಗಳನ್ನು ಬಳಸಿ ಆಲ್ಬಂ ಕಟ್ಟಿದ್ದರು. 2011ರ 'ಒನ್ ಪಿಗ್'ಗಾಗಿ ಒಂದು ಹಂದಿಯ ಬದುಕನ್ನು ಹುಟ್ಟಿನಿಂದ ಊಟದ ತಟ್ಟೆಯವರೆಗೆ ಧ್ವನಿಮುದ್ರಿಸಿದರು. ಸದ್ದು ಎಲ್ಲಿಂದ ಬಂತು ಎಂಬುದೇ ಅವರ ಸಂಗೀತದ ಅರ್ಥ.

ನೇಕಾರರ ಬದುಕಿನ ನಾಟಕವೊಂದಕ್ಕೆ ಸಂಗೀತ ಮಾಡಬೇಕಾಗಿ ಬಂದಾಗ ಈ ಕರಾರನ್ನೇ ಹಿಡಿದು ಇಳಕಲ್ಲಿಗೆ ಹೋದೆ. ಹಿರಿಯ ನೇಕಾರರೊಬ್ಬರು ತಮ್ಮ ಕೈಮಗ್ಗದ ಪಕ್ಕದಲ್ಲೇ ಕೂರಿಸಿಕೊಂಡರು. ಗಾಳಿಯಲ್ಲಿ ತೇಲಿ ಬರುವ ಸದ್ದು ಹಿಡಿಯುವ ಒಂದು ಮೈಕು, ಮರದ ಕಂಪನವನ್ನೇ ಹಿಡಿಯುವಂತೆ ಮಗ್ಗದ ಚೌಕಟ್ಟಿಗೆ ಅಂಟಿಸಿದ ಇನ್ನೊಂದು ಮೈಕು. ಬೇರೇನೂ ಒಯ್ದಿರಲಿಲ್ಲ.

ಮಗ್ಗದ ಬಾಚಣಿಗೆಯಂಥ ಹಣಿಗೆ ನೂಲನ್ನು ಬಡಿದು ಕೂರಿಸುವಾಗಿನ ದಪ್ಪ ಸದ್ದನ್ನು ಒಂದು ಸ್ಥಾಯಿ ಕೆಳಗಿಳಿಸಿ, ಮೇಲಿನ ಕಂಪನಗಳನ್ನು ಸೋಸಿ ತೆಗೆದೆ. ಎದೆಗೆ ತಾಗುವಂಥ ಡ್ರಮ್ ಸಿಕ್ಕಿತು. ಅಡ್ಡನೂಲು ಒಯ್ಯುವ ಲಾಳಿ ಅತ್ತಿಂದಿತ್ತ ಓಡುವ ಸರಸರ ಸದ್ದು ತಾಳದ ಎಡೆಗಳನ್ನು ತುಂಬಿತು. ವೇಗಕ್ಕೆ ಕಂಪ್ಯೂಟರಿನ ಗಡಿಯಾರವನ್ನು ಬಳಸಲಿಲ್ಲ. ಅಜ್ಜನ ಕೈ ಎಲ್ಲಿ ತುಸು ನಿಧಾನವಾಯಿತೋ ಅಲ್ಲಿ ನನ್ನ ತಾಳವೂ ನಿಧಾನವಾಯಿತು. ನೇಯುವವರ ದಣಿವು ಆ ಏರಿಳಿತದಲ್ಲಿದೆ. ಅದನ್ನು ಸಮ ಮಾಡಿದರೆ ಕೇಳುಗನಿಗೆ ಯಂತ್ರ ಮಾತ್ರ ಕೇಳುತ್ತದೆ.

ಹರ್ಬರ್ಟ್ ಅವರ ಕರಾರಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಹೆಚ್ಚು ಜನ ಗಮನಿಸದ ಒಂದು ಸಾಲು: ಧ್ವನಿಯ ತುಣುಕಿನ ಬಾಲವನ್ನು, ಅಂದರೆ ಕೊನೆಯ ಭಾಗವನ್ನು, ಕತ್ತರಿಸಬಾರದು, ನಿಜ ಹೇಳುವ ಭಾಗ ಸದಾ ಅಲ್ಲೇ ಇರುತ್ತದೆ. ನಮ್ಮ ಕಸುಬಿನಲ್ಲಿ ಎಲ್ಲರೂ ಮೊದಲು ಮಾಡುವುದು ಅದಕ್ಕೆ ನೇರ ವಿರುದ್ಧ. ಸದ್ದು ಮುಗಿದ ಕೂಡಲೇ ಕತ್ತರಿ. ನಾನು ಬಾಲಗಳನ್ನು ಹಾಗೇ ಬಿಟ್ಟು ಕೇಳುತ್ತಾ ಹೋದೆ. ಒಂದು ಹೊಡೆತದ ಬೆನ್ನಿಗೇ ಎಳೆ ಹರಿದಿತ್ತು. ಮಗ್ಗ ನಿಂತಿತು. ಅಜ್ಜ ಬಗ್ಗಿದಾಗ ಹಲಗೆ ಕಿರುಗುಟ್ಟಿತು, ಬೆರಳುಗಳು ತುದಿಗೆ ತುದಿ ಸೇರಿಸಿ ಗಂಟು ಹಾಕುವಾಗಿನ ಉಸಿರು ಕೇಳಿಸಿತು, ಮತ್ತೆ ಮೊದಲ ಹೊಡೆತ ಬಿತ್ತು. ಇಡೀ ಧ್ವನಿಮುದ್ರಿಕೆಯಲ್ಲಿ ಅದಕ್ಕಿಂತ ಬೆಲೆಯುಳ್ಳದ್ದು ಇರಲಿಲ್ಲ.

ನಿರ್ದೇಶಕರಿಗೆ ಅಷ್ಟನ್ನೇ ಕೇಳಿಸಿದೆ. ಸಾಲ ಕೊಟ್ಟವನು ಬಾಗಿಲಿಗೆ ಬರುವ ದೃಶ್ಯದಲ್ಲಿ ಸಂಗೀತ ತುಂಬಿ ಹರಿಯಬೇಕೆಂದು ಅವರು ಯೋಜಿಸಿದ್ದರು. ಈಗ ಅಲ್ಲಿ ಎಳೆ ಹರಿಯುತ್ತದೆ, ಗಂಟು ಬೀಳುವವರೆಗೂ ನಟರು ಕದಲುವುದಿಲ್ಲ. ಆ ನಿಲುಗಡೆಗೆ ನಾನು ಒಂದು ಸ್ವರವನ್ನೂ ಸೇರಿಸಿಲ್ಲ.

ಬಳಸಿದ ಸದ್ದುಗಳ, ಸಲಕರಣೆಗಳ ಪಟ್ಟಿಯನ್ನು ಬಹಿರಂಗಪಡಿಸಬೇಕೆಂದೂ ಕರಾರು ಹೇಳುತ್ತದೆ. ನಾಟಕದ ಕರಪತ್ರದಲ್ಲಿ ಅದನ್ನು ಅಚ್ಚು ಹಾಕಿಸಿದೆವು: ಹಣಿಗೆ, ಲಾಳಿ, ಹಲಗೆ, ಹರಿದ ಎಳೆ. ವಾದಕರ ಸಾಲಿನಲ್ಲಿ ಅಜ್ಜನ ಹೆಸರು ಮೊದಲಿದೆ, ಸಂಗೀತಕ್ಕೆ ಬಂದ ಸಂಭಾವನೆಯಲ್ಲಿ ಅವರಿಗೂ ಪಾಲು ಸಂದಿದೆ.