ಬೀದರ್‌ಗೆ ಅರ್ಕಾವತ್ತು ಬೇಡ: ಕಣ್ಣಿಗೆ ಕಾಣದ ಸಂಕೇತವನ್ನು ಬಳಸುವ ಬಗೆ

ಬಂಧುಗಳ ಮದುವೆ ಆಮಂತ್ರಣದ ಕರಡನ್ನು ಮೊಬೈಲಿನಲ್ಲಿ ಓದುತ್ತಿದ್ದಾಗ ಊರಿನ ಹೆಸರಿನ ಬಳಿ ಕಣ್ಣು ನಿಂತಿತು. ‘ಬೀದರ್‌ನ’ ಎಂದಿರಬೇಕಾದ ಕಡೆ ‘ಬೀದರ್ನ’ ಎಂದಿತ್ತು. ರಕಾರ ತನ್ನ ರೂಪ ಕಳೆದುಕೊಂಡು, ನಕಾರದ ಬಲಕ್ಕೆ ಅರ್ಕಾವತ್ತಾಗಿ ಕುಳಿತಿತ್ತು. ಬೆರಳಚ್ಚು ಮಾಡಿದವರು ಒಂದು ಅಕ್ಷರವನ್ನೂ ಬಿಟ್ಟಿರಲಿಲ್ಲ. ಅವರು ಬಿಟ್ಟಿದ್ದು ಅಗಲವೇ ಇಲ್ಲದ, ತೆರೆಯ ಮೇಲೆ ಕಾಣದ ಒಂದು ಸಂಕೇತವನ್ನು.

ಕಂಪ್ಯೂಟರಿಗಾಗಿ ಅಕ್ಷರಗಳಿಗೆ ಸಂಖ್ಯೆ ಕೊಡುವ ವ್ಯವಸ್ಥೆಯಾದ ಯೂನಿಕೋಡ್‌ನಲ್ಲಿ ಒತ್ತಕ್ಷರಗಳಿಗೆ ಪ್ರತ್ಯೇಕ ಸಂಖ್ಯೆಗಳಿಲ್ಲ. ಒಂದು ವ್ಯಂಜನ, ಅದರ ಮುಂದೆ ಹಲಂತ (ವ್ಯಂಜನದ ಸ್ವರವನ್ನು ತೆಗೆಯುವ ಚಿಹ್ನೆ), ಮತ್ತೆ ಇನ್ನೊಂದು ವ್ಯಂಜನ ಬಂದರೆ, ಇವನ್ನು ಕೂಡಿಸಿ ಒತ್ತಕ್ಷರ ಮಾಡಬೇಕೆಂದು ಫಾಂಟ್ ಅರ್ಥ ಮಾಡಿಕೊಳ್ಳುತ್ತದೆ. ‘ಮಾರ್ಗ’ ಸರಿಯಾಗಿ ಮೂಡುವುದೂ ‘ಬೀದರ್‌ಗೆ’ ಕೆಡುವುದೂ ಇದೇ ನಿಯಮದಿಂದ. ಹೆಸರು ಎಲ್ಲಿ ಮುಗಿಯಿತು, ವಿಭಕ್ತಿ ಪ್ರತ್ಯಯ ಎಲ್ಲಿ ಆರಂಭವಾಯಿತು ಎಂಬುದು ಕಂಪ್ಯೂಟರಿಗೆ ತಿಳಿಯದು. ಅದನ್ನು ನಾವೇ ಹೇಳಬೇಕು. ಹಾಗೆ ಹೇಳುವ ಸಂಕೇತದ ಹೆಸರು ಝೀರೋ ವಿಡ್ತ್ ನಾನ್ ಜಾಯ್ನರ್, ಅದರ ಯೂನಿಕೋಡ್ ಸಂಖ್ಯೆ 200ಸಿ. ಹಲಂತದ ನಂತರ, ಮುಂದಿನ ವ್ಯಂಜನಕ್ಕೆ ಮೊದಲು ಇದನ್ನಿಟ್ಟರೆ ಎರಡೂ ಕೂಡಿಕೊಳ್ಳುವುದಿಲ್ಲ.

ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಮೊದಲು ‘ಬೀದರ್’ ಎಂದು ಹಲಂತದವರೆಗೆ ಬರೆಯಿರಿ. ಬಳಿಕ ಕೀಬೋರ್ಡನ್ನು ಇಂಗ್ಲಿಷಿಗೆ ಬದಲಿಸಿ, ನಡುವೆ ಸ್ಪೇಸ್ ಕೊಡದೆ 200 ಮತ್ತು ಸಿ ಅಕ್ಷರವನ್ನು ಒತ್ತಿ, ಆಲ್ಟ್ ಕೀಲಿಯನ್ನು ಹಿಡಿದು ಎಕ್ಸ್ ಒತ್ತಿದರೆ, ಆ ನಾಲ್ಕೂ ಚಿಹ್ನೆಗಳು ಮಾಯವಾಗಿ ಅವುಗಳ ಜಾಗದಲ್ಲಿ ಕಾಣದ ಸಂಕೇತ ಸೇರುತ್ತದೆ. ಈಗ ಕನ್ನಡಕ್ಕೆ ಮರಳಿ ‘ಗೆ’ ಸೇರಿಸಿ. ಲಿನಕ್ಸ್‌ನ ಹಲವು ತಂತ್ರಾಂಶಗಳಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಯು ಕೀಲಿಗಳನ್ನು ಒಟ್ಟಿಗೆ ಒತ್ತಿ, ಇದೇ ಸಂಖ್ಯೆ ಬರೆದು ಎಂಟರ್ ಒತ್ತಬೇಕು. ಪ್ರತಿ ಸಲವೂ ಇಷ್ಟು ಶ್ರಮಪಡಬೇಕಿಲ್ಲ: ‘ಬೀದರ್‌ಗೆ’, ‘ಬೀದರ್‌ನಲ್ಲಿ’, ‘ಔರಾದ್‌ನಿಂದ’ ಮುಂತಾದ ರೂಪಗಳನ್ನು ಒಮ್ಮೆ ಸರಿಯಾಗಿ ಬರೆದು ವರ್ಡ್‌ನ ಆಟೋಕರೆಕ್ಟ್ ಪಟ್ಟಿಗೆ ಸೇರಿಸಿಟ್ಟರೆ ಸಾಕು.

ಈ ತೊಡಕಿಗೆ ನಮ್ಮ ಕಡೆ ಹಲವರು ಕಂಡುಕೊಂಡಿರುವ ಉಪಾಯವೆಂದರೆ ‘ಬೀದರ್ ಗೆ’ ಎಂದು ನಡುವೆ ಸ್ಪೇಸ್ ಕೊಡುವುದು. ದಯವಿಟ್ಟು ಹಾಗೆ ಮಾಡಬೇಡಿ. ಸಾಲಿನ ಅಂಚಿನಲ್ಲಿ ‘ಬೀದರ್’ ಉಳಿದು, ‘ಗೆ’ ಒಂದೇ ಮುಂದಿನ ಸಾಲಿಗೆ ಜಾರುತ್ತದೆ. ಕಂಪ್ಯೂಟರೂ ಅವನ್ನು ಎರಡು ಪದಗಳೆಂದೇ ಎಣಿಸುತ್ತದೆ. ಅದಕ್ಕಿಂತ ಹಳಬರಂತೆ ‘ಬೀದರಿಗೆ’, ‘ಬೀದರಿನಲ್ಲಿ’ ಎಂದು ಬರೆಯುವುದು ಮೇಲು. ನನಗೆ ಆ ರೂಪವೇ ಹೆಚ್ಚು ಇಷ್ಟ, ಅದಕ್ಕೆ ಯಾವ ಸಂಕೇತವೂ ಬೇಕಿಲ್ಲ.

ಈಗಾಗಲೇ ಬರೆದಿಟ್ಟ ಕಡತವನ್ನು ತಿದ್ದುವಾಗ ಎಚ್ಚರ ಬೇಕು. ‘ರ್ಗ’ ಇರುವಲ್ಲೆಲ್ಲ ಒಂದೇ ಏಟಿಗೆ ಬದಲಿಸಿದರೆ ಬೀದರ್ ಸರಿಹೋಗುತ್ತದೆ, ಆದರೆ ಜೇವರ್ಗಿ ಕೆಡುತ್ತದೆ. ವರ್ಗ, ಮಾರ್ಗ, ದುರ್ಗಗಳೂ ಕೆಡುತ್ತವೆ. ಆದ್ದರಿಂದ ಪೂರ್ತಿ ಪದವನ್ನೇ ಕೊಟ್ಟು, ಒಂದೊಂದಾಗಿ ನೋಡಿ ಬದಲಿಸಬೇಕು. ಬದಲಿಸದೆ ಬರೀ ಹುಡುಕುವಾಗ ಹಲಂತದವರೆಗಿನ ‘ಬೀದರ್’ ಮಾತ್ರ ಕೊಡುವುದು ಲೇಸು, ಏಕೆಂದರೆ ಸಂಕೇತ ಇರುವ ಪದವೂ ಇಲ್ಲದ ಪದವೂ ಕಂಪ್ಯೂಟರಿನ ಲೆಕ್ಕದಲ್ಲಿ ಬೇರೆ ಬೇರೆ.

ಇದರ ಜೊತೆಗಾರ 200ಡಿ, ಅಂದರೆ ಝೀರೋ ವಿಡ್ತ್ ಜಾಯ್ನರ್. ಫಲಿತಾಂಶದ ದಿನ ಶಾಲೆಗಳ ಫಲಕದಲ್ಲಿ ಬರುವ ‘ರ‍್ಯಾಂಕ್’ ಪದಕ್ಕೆ ಇದು ಬೇಕು. ಇದಿಲ್ಲದಿದ್ದರೆ ರಕಾರ ಅರ್ಕಾವತ್ತಾಗಿ ‘ರ್ಯಾಂಕ್’ ಎಂದು ಮೂಡುತ್ತದೆ. ಇಲ್ಲಿ ಕ್ರಮ ಬೇರೆ: ಮೊದಲು ರ, ಕೂಡಲೇ 200ಡಿ, ಆಮೇಲೆ ಹಲಂತ, ಕೊನೆಗೆ ಯಾ. ಸಂಕೇತವನ್ನು ಹಲಂತಕ್ಕಿಂತ ಮೊದಲೇ ಇಡಬೇಕೆಂಬುದನ್ನು ಮರೆತರೆ ಬೇಕಾದ ರೂಪ ಸಿಗುವ ಖಾತ್ರಿಯಿಲ್ಲ.

ಸಂಕೇತ ನಿಜಕ್ಕೂ ಸೇರಿದೆಯೇ ಎಂಬ ಅನುಮಾನ ಬಂದರೆ, ವರ್ಡ್‌ನಲ್ಲಿ ಕರ್ಸರನ್ನು ಅದು ಇರಬೇಕಾದ ಜಾಗದ ಬಲಕ್ಕೆ ತಂದು ಆಲ್ಟ್ ಮತ್ತು ಎಕ್ಸ್ ಒತ್ತಿ. 200ಸಿ ಎಂಬ ಸಂಖ್ಯೆ ತೆರೆದುಕೊಂಡರೆ ಸಂಕೇತ ಅಲ್ಲೇ ಇದೆ; ಮತ್ತೊಮ್ಮೆ ಅದೇ ಕೀಲಿಗಳನ್ನು ಒತ್ತಿದರೆ ಸಂಖ್ಯೆ ಮರೆಯಾಗಿ ಸಂಕೇತ ತನ್ನ ಜಾಗಕ್ಕೆ ಮರಳುತ್ತದೆ.