ತಾಂಜಾನಿಯಾದಲ್ಲಿ ಸ್ವಯಂಸೇವೆ: ಊರಿಗಿಂತ ಮೊದಲು ಕೆಲಸ ಆರಿಸಿ

ಕಿಲಿಮಂಜಾರೋ ಕಾಣುವ ಊರು, ಜಾಂಜಿಬಾರ್‌ನ ಕಡಲು ಎಂದು ಜಾಗ ಗೊತ್ತುಮಾಡಿಕೊಂಡು, ಆಮೇಲೆ ಕೆಲಸ ಹುಡುಕುವವರೇ ಹೆಚ್ಚು. ಅದನ್ನು ತಿರುಗಿಸಿ. ನಿಮಗೆ ಏನು ಚೆನ್ನಾಗಿ ಬರುತ್ತದೆ, ಎಷ್ಟು ದಿನ ಇರಬಲ್ಲಿರಿ ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳಿ.

ಪಾಠ ಹೇಳುವವರಿಗೆ ಮೋಶಿ, ಅರುಶಾ ಅನುಕೂಲ. ಕಿಲಿಮಂಜಾರೋ ವಿಮಾನ ನಿಲ್ದಾಣ ಇವೆರಡರ ನಡುವೆಯೇ ಇದೆ. ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪಾಠ ನಡೆಯುವುದು ಸ್ವಾಹಿಲಿಯಲ್ಲಿ, ಪ್ರೌಢಶಾಲೆಯಲ್ಲಿ ಇಂಗ್ಲಿಷಿನಲ್ಲಿ. ಸ್ವಾಹಿಲಿ ಬಾರದಿದ್ದರೆ ಪ್ರೌಢಶಾಲೆಯ ಗಣಿತ, ವಿಜ್ಞಾನಕ್ಕೆ ಹೋಗಿ. ಶಾಲಾವರ್ಷ ಜನವರಿಯಲ್ಲಿ ಶುರು. ಜೂನ್, ಡಿಸೆಂಬರ್ ರಜೆಯಲ್ಲಿ ಹೋದರೆ ತರಗತಿ ಖಾಲಿ. ಮಾರ್ಚ್‌ನಿಂದ ಮೇವರೆಗೆ ದೊಡ್ಡ ಮಳೆ, ಹಳ್ಳಿಯ ಮಣ್ಣುರಸ್ತೆಗಳು ಕೆಸರಾಗುತ್ತವೆ.

ಜಾಂಜಿಬಾರ್‌ನ ಪೂರ್ವ ತೀರದಲ್ಲಿ, ಜಂಬಿಯಾನಿಯಂಥ ಊರುಗಳಲ್ಲಿ, ಹೆಂಗಸರು ಕಡಲಪಾಚಿ ಬೆಳೆಯುತ್ತಾರೆ. ಇಳಿತದ ಹೊತ್ತಿಗೆ ಮೊಣಕಾಲು ನೀರಿನಲ್ಲಿ ನಿಂತು, ಗೂಟಕ್ಕೆ ಬಿಗಿದ ಹಗ್ಗಕ್ಕೆ ಪಾಚಿಯ ತುಣುಕುಗಳನ್ನು ಕಟ್ಟುವ ಕೆಲಸ ಅದು. ಅವರಿಗೆ ಕಟ್ಟಲು ಇನ್ನೊಂದು ಜೊತೆ ಕೈ ಬೇಕಿಲ್ಲ. ಲೆಕ್ಕಪತ್ರ, ಮಾರಾಟ ಬಲ್ಲವರು ನಿಜಕ್ಕೂ ನೆರವಾಗಬಹುದು. ಇಲ್ಲಿ ಬಹುತೇಕರು ಮುಸ್ಲಿಮರು, ಭುಜ ಮತ್ತು ಮೊಣಕಾಲು ಮುಚ್ಚುವ ಬಟ್ಟೆ ಒಯ್ಯಿರಿ. 2024ರ ಅಕ್ಟೋಬರ್‌ನಿಂದ ವಿದೇಶಿಯರಿಗೆ ಜಾಂಜಿಬಾರ್‌ನದೇ ಪ್ರವಾಸ ವಿಮೆ ಕಡ್ಡಾಯವಾಗಿದೆ. ಬೇರೆ ವಿಮೆ ಇದ್ದರೂ ಅದು ಬೇಕು.

ಹೆಚ್ಚು ಜನ ಎಡವುವುದು ಕಾಗದಪತ್ರದಲ್ಲಿ. ಪ್ರವಾಸಿ ವೀಸಾದಲ್ಲಿ ಸ್ವಯಂಸೇವೆ ಮಾಡುವಂತಿಲ್ಲ, ಸಂಬಳವಿಲ್ಲದಿದ್ದರೂ ಅದು ಕೆಲಸವೇ. ದೀರ್ಘಾವಧಿಗೆ 'ಸಿ' ವರ್ಗದ ವಾಸದ ಪರವಾನಗಿ ಬೇಕು, ಅದಕ್ಕೆ ಕರೆಸಿಕೊಳ್ಳುವ ಸಂಸ್ಥೆಯೇ ಆಧಾರ. 'ಪ್ರವಾಸಿ ವೀಸಾದಲ್ಲೇ ಬನ್ನಿ' ಎನ್ನುವ ಸಂಸ್ಥೆಯನ್ನು ಅಲ್ಲಿಗೇ ಬಿಡಿ. ನೋಂದಣಿ ಪತ್ರ ಕೇಳಿ. ನೀವು ಕಟ್ಟುವ ಹಣದಲ್ಲಿ ಊಟ-ವಸತಿಗೆಷ್ಟು, ಊರಿಗೆಷ್ಟು ಎಂದು ಬರಹದಲ್ಲೇ ಕೇಳಿ.

ಎರಡು ವಾರದ ಅನಾಥಾಲಯ ಸೇವೆ ಬೇಡವೇ ಬೇಡ. ಹಚ್ಚಿಕೊಂಡವರು ಹೋಗುತ್ತಲೇ ಇದ್ದರೆ ನೋಯುವುದು ಮಗು. ನಿಮ್ಮ ಪೊಲೀಸ್ ಪರಿಶೀಲನಾ ಪತ್ರವನ್ನೂ ಕೇಳದೆ ಮಕ್ಕಳ ಬಳಿ ಬಿಡುವ ಜಾಗ ಸುರಕ್ಷಿತವಲ್ಲ.

ಮಲೇರಿಯಾ ಮಾತ್ರೆಯ ಬಗ್ಗೆ ಹೊರಡುವ ಮುನ್ನವೇ ವೈದ್ಯರನ್ನು ಕಾಣಿ. ಅಟೊವಕ್ವೋನ್-ಪ್ರೊಗ್ವಾನಿಲ್ ಆದರೆ ಮರಳಿದ ಮೇಲೂ 7 ದಿನ, ಡಾಕ್ಸಿಸೈಕ್ಲಿನ್ ಆದರೆ 4 ವಾರ ನುಂಗಬೇಕು. ಊರು ಸೇರಿದೊಡನೆ ನಿಲ್ಲಿಸಿದರೆ ಕಾಯಿಲೆ ಆಮೇಲೆ ಕಾಣಿಸಿಕೊಳ್ಳಬಹುದು. ಪ್ಲಾಸ್ಟಿಕ್ ಕೈಚೀಲಗಳು 2019ರ ಜೂನ್‌ನಿಂದ ನಿಷಿದ್ಧ, ಪೆಟ್ಟಿಗೆಯಲ್ಲಿ ಇಡಬೇಡಿ.

ಸ್ವಾಹಿಲಿ ಗಡಿಯಾರದಲ್ಲಿ ದಿನದ ಎಣಿಕೆ ಬೆಳಗಿನ 6ರಿಂದ. 'ಸಾ ತಾತು' ಎಂದರೆ ಮೂರು ಗಂಟೆ, ಅಂದರೆ ನಮ್ಮ ಬೆಳಗಿನ 9. ಸಮಯ ಹೇಳಿದಾಗ ಯಾವ ಲೆಕ್ಕ ಎಂದು ಕೇಳಿಕೊಳ್ಳಿ. ಹಿರಿಯರು ಎದುರಾದರೆ 'ಶಿಕಾಮೂ' ಎನ್ನಿ, ಅವರು 'ಮರಹಬಾ' ಎಂದ ಮೇಲೆ ಮಾತು ಮುಂದುವರಿಸಿ.